ಹಿಂದಿನ ಸೀಟಿನವರು

"ಗಾಡಿ ಯಾರದು?"

ಪೇದೆ ಬಾಗಿ, ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿದ. ಕಪ್ಪು ಬಣ್ಣದ ಐಷಾರಾಮಿ ಸೆಡಾನ್. ಅದರ ಬೆಲೆಗೆ ಅವನ ಬೀದಿಯ ಅರ್ಧ ಮನೆಗಳು ಬರುತ್ತಿದ್ದವು. ಸ್ಟೀರಿಂಗ್ ಹಿಡಿದವನಿಗೋ ಮೂವತ್ತು ದಾಟಿರಲಿಕ್ಕಿಲ್ಲ. ಕಡ್ಡಿ ಮೈ, ಮೇಲಕ್ಕೆ ಮಡಚಿದ ತೋಳು, ಮುಂಗೈ ತುಂಬ ವೆಲ್ಡಿಂಗ್ ಕಿಡಿ ಹಾರಿದ ಹಳೆಯ ಕಲೆಗಳು. ಇಂಥ ಗಾಡಿಗೆ ಇಷ್ಟು ವಯಸ್ಸು, ಇಷ್ಟು ವರಮಾನ ಇರಬೇಕು ಎಂದು ಪೇದೆಯ ತಲೆಯಲ್ಲಿ ಒಂದು ಅಂದಾಜಿತ್ತು. ಈ ಮುಖ ಆ ಅಂದಾಜಿಗೆ ಹೊಂದುತ್ತಿರಲಿಲ್ಲ.

ಯುವಕ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಗಾಜು ಸರ್ರನೆ ಇಳಿಯಿತು. ಬೆಳ್ಳಗಿನ ತಲೆ, ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಕ, ಬೂದು ಕೋಟು. ಎಪ್ಪತ್ತರ ಹತ್ತಿರದವರು.

"ನನ್ನ ಜೊತೆಗಿದ್ದಾನಪ್ಪ. ಏನು ಸಮಾಚಾರ?"

ಪೇದೆಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಏನಿಲ್ಲ ಸರ್, ತಪ್ಪು ತಿಳ್ಕೋಬೇಡಿ. ಹೋದ ವರ್ಷ ಇಂಥೋನೇ ಒಬ್ಬ ಸಿಕ್ಕಿದ್ದನಂತೆ. ಗಾಡಿ ನಂದೇ ಅಂತ ಒಂದೇ ಹಟ. ನಮ್ಮೋರು ಅರ್ಧ ದಿನ ಸ್ಟೇಷನ್ನಲ್ಲಿ ಕೂರಿಸಿದ್ರು. ಕಾಲ ಕೆಟ್ಟಿದೆ ನೋಡಿ."

"ಹೌದಪ್ಪ, ಕಾಲ ಕೆಟ್ಟಿದೆ," ಅಂದರು ಮುದುಕರು.

ಸ್ಟೀರಿಂಗ್ ಮೇಲೆ ಯುವಕನ ಕೈ ಬಿಗಿಯಾಯಿತು. ಪಕ್ಕದಲ್ಲಿ ಅವನ ಆರು ವರ್ಷದ ಮಗಳು ಶಾಲೆಯ ಚೀಲ ತಬ್ಬಿಕೊಂಡು ಕೂತಿದ್ದಳು. ಗಾಡಿ ಮುಂದೆ ಹೋಯಿತು.

ಎಂಟು ತಿಂಗಳಿಂದ ಹೀಗೇ ನಡೆದಿತ್ತು. ಹೋಟೆಲಿನ ಬಾಗಿಲು, ಕ್ಲಬ್ಬಿನ ಗೇಟು, ಬ್ಯಾಂಕಿನ ಆವರಣ, ಎಲ್ಲಿ ಯಾರು ಅಡ್ಡ ಬಂದರೂ ಹಿಂದಿನ ಗಾಜು ಇಳಿಯುತ್ತಿತ್ತು. ಅಡ್ಡ ಬಂದವರು ಸಲಾಂ ಹೊಡೆದು ಪಕ್ಕಕ್ಕೆ ಸರಿಯುತ್ತಿದ್ದರು. ಮುದುಕರು ಭಾರೀ ಶಿಸ್ತಿನವರು. ಎಂಟಕ್ಕೆ ಎಂದರೆ ಏಳೂ ಐವತ್ತಕ್ಕೇ ಸಿದ್ಧ. ಗಾಜಿನ ಮೇಲೆ ತಮ್ಮ ಬೆರಳಿನ ಗುರುತು ಬಿದ್ದರೆ ತಾವೇ ಕರವಸ್ತ್ರ ತೆಗೆದು ಒರೆಸುತ್ತಿದ್ದರು. ಯುವಕನನ್ನು ಒಮ್ಮೆಯೂ ಗದರಿದವರಲ್ಲ. ಯುವಕನಿಗೆ ದಿನವಿಡೀ ಫೋನು, ಅವರಿಗೆ ಒಂದೂ ಬರುತ್ತಿರಲಿಲ್ಲ. ದೊಡ್ಡವರ ಫೋನನ್ನು ಅವರೇ ಎತ್ತುತ್ತಾರೆಯೇ? ಧಣಿ ಅಂದರೆ ಹೀಗಿರಬೇಕು ಎಂದು ಪಾರ್ಕಿಂಗಿನಲ್ಲಿ ಉಳಿದ ಡ್ರೈವರುಗಳು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಅಂದು ಶಾಲೆಯ ಗೇಟಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ಕೈ ಅಡ್ಡ ಹಿಡಿದ.

"ಡ್ರೈವರ್‌ಗಳು ಹೊರಗೇ ನಿಲ್ಲಿಸ್ಬೇಕು. ಒಳಗೆ ತಂದೆತಾಯಿ ಬಂದ್ರೆ ಮಾತ್ರ."

ಹಿಂದಿನ ಗಾಜು ಇಳಿಯಿತು. ಕಾವಲುಗಾರ ನರೆತ ತಲೆ ನೋಡಿದ. ಮುಂದೆ ಕೂತ ಹುಡುಗಿಯನ್ನು ನೋಡಿದ. ಅವಳ ಮೂಗು ಯುವಕನದೇ ಅಚ್ಚು. ಕಾವಲುಗಾರನಿಗೆ ಎಲ್ಲ ಅರ್ಥವಾಗಿಹೋಯಿತು.

"ಅಯ್ಯೋ, ಡ್ರೈವರ್ ಮಗೂನ ಇಂಥ ಶಾಲೇಲಿ ಓದಿಸ್ತಿದ್ದೀರಾ ಸರ್? ನಿಮ್ಮಂಥೋರು ಇನ್ನೂ ಇದ್ದಾರಲ್ಲ!" ಕೈ ಎತ್ತಿ ಮುಗಿದೇ ಬಿಟ್ಟ.

ಮುದುಕರು ಅಲ್ಲಿ ಸುಮ್ಮನಿರಬೇಕಿತ್ತು. 'ನನ್ನ ಜೊತೆಗಿದ್ದಾನೆ' ಎಂಬುದರಾಚೆ ಅವರು ಎಂದೂ ಮಾತು ಬೆಳೆಸಿದವರಲ್ಲ. ಆದರೆ ಹೊಗಳಿಕೆ ಯಾರನ್ನು ಬಿಟ್ಟಿದೆ? ಈ ವಯಸ್ಸಿನಲ್ಲಿ ಒಬ್ಬರು ಹಾಗೆ ಕೈ ಮುಗಿದರೆ ನಾಲಿಗೆ ಸಡಿಲವಾಗುತ್ತದೆ.

"ಏನೋ, ಕೈಲಾದಷ್ಟು," ಅಂದರು. "ಪಾಪ, ಇವನ ಸಂಬಳದಲ್ಲಿ ಆಗೋ ಮಾತಾ? ಬಡವರ ಮಗು, ಓದ್ಕೊಳ್ಲಿ."

ಹುಡುಗಿಯ ತರಗತಿಯ ಮೂವರು ಅಲ್ಲೇ ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮೂವರೂ ಕಿಸಕ್ಕನೆ ನಕ್ಕರು.

ಹುಡುಗಿ ಇಳಿಯಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು. "ಅಪ್ಪಾ, ನೀನ್ಯಾಕೆ ಸುಮ್ನಿದ್ದೀಯ?"

"ಹೊತ್ತಾಯ್ತು ಪುಟ್ಟಿ, ಹೋಗು."

"ನಾಳೆಯಿಂದ ನಾನು ಈ ಗಾಡೀಲಿ ಬರಲ್ಲ. ನಡ್ಕೊಂಡೇ ಬರ್ತೀನಿ." ಅವಳ ಕಣ್ಣು ತುಂಬಿತ್ತು. ಬಾಗಿಲನ್ನು ದಢಾರನೆ ಹಾಕಿ ಓಡಿದಳು.

ಗಾಡಿ ಎರಡು ಸಿಗ್ನಲ್ ದಾಟಿತು. ಯುವಕನ ಕಿವಿ ಕೆಂಪಾಗಿತ್ತು. ಒಂದು ಕೆಲಸಕ್ಕೆ ಕುತ್ತು ಬಂದಿದೆ ಎಂಬುದು ಇಬ್ಬರಿಗೂ ಗೊತ್ತು. ಆ ಕೆಲಸವನ್ನು ನಂಬಿ ಒಂದು ಸಂಸಾರವಿತ್ತು. ಬಾಡಿಗೆಯ ಒಂದೇ ಕೋಣೆ, ಸೊಂಟ ಮುರಿದು ಹಾಸಿಗೆ ಹಿಡಿದ ಹೆಂಡತಿ, ಅವಳ ಮಗ್ಗಲು ಬದಲಿಸಿ ಗಾಯ ತೊಳೆಯಲು ಬರುವ ನರ್ಸು. ಸಂಬಳ ನಿಂತರೆ ನರ್ಸು ಬರುವುದಿಲ್ಲ. ಅವಳು ಬರದಿದ್ದರೆ ಬೆನ್ನಿನ ಹುಣ್ಣು ಮತ್ತೆ ಕೀವಾಗುತ್ತದೆ.

"ಮಗು ಎದುರಿಗೆ ಹಾಗನ್ನಬಾರದಿತ್ತು ನೀವು," ಅಂದ ಯುವಕ.

"ತಪ್ಪಾಯ್ತು. ಬಾಯಿ ಜಾರ್ತು."

"ಎಂಟು ತಿಂಗಳಿಂದ ಎಲ್ಲರ ಎದುರು ಡ್ರೈವರ್ ಅನ್ನಿಸ್ಕೊಂಡು ನುಂಗ್ಕೊಂಡೆ. ನಾನು ನುಂಗ್ತೀನಿ, ಅಭ್ಯಾಸ ಆಗಿದೆ. ಅವಳ್ಯಾಕೆ ನುಂಗ್ಬೇಕು?"

ಅವನು ಗಾಡಿಯನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿದ. ಕನ್ನಡಿಯಲ್ಲಿ ಮುದುಕರ ಕಣ್ಣು ಸಿಕ್ಕಿತು. "ಸಾಕು ಇದು. ನಾಳೆಯಿಂದ ಈ ಕೆಲಸ ಬೇಡ."

"ಇನ್ನೊಂದ್ಸಲ ಯೋಚನೆ ಮಾಡಿದ್ರೆ..."

"ಯೋಚನೆ ಮಾಡಿ ಆಯ್ತು."

ಮುದುಕರ ಮುಖ ಬಿಳಿಚಿಕೊಂಡಿತು. ಅವರು ಕೋಟಿನ ಗುಂಡಿ ಬಿಚ್ಚಿದರು. ಒಳಗಿನ ಅಂಗಿಯ ಕಾಲರು ಸವೆದು ದಾರ ಬಿಟ್ಟಿತ್ತು. ಕೋಟನ್ನು ಸುಕ್ಕಾಗದಂತೆ ಮಡಚಿ ಸೀಟಿನ ಮೇಲಿಟ್ಟರು. ಕನ್ನಡಕವನ್ನೂ ತೆಗೆದು ಅದರ ಮೇಲಿಟ್ಟರು.

"ನಾಳೆ ಆ ಗೇಟಿಗೆ ನಾನೇ ಹೋಗಿ ಎಲ್ಲರೆದುರು ಹೇಳ್ತೀನಿ ಸರ್," ಅಂದರು, "ಗಾಡಿ ನಿಮ್ಮದು, ದಾರೀಲಿ ಯಾರೂ ನಿಮ್ಮನ್ನ ಕಳ್ಳ ಅಂತ ತಡೀದೆ ಇರ್ಲಿ ಅಂತ ಸಂಬಳ ಕೊಟ್ಟು ನನ್ನ ಹಿಂದೆ ಕೂರಿಸ್ಕೊಂಡಿದ್ದೀರಿ ಅಂತ. ನನ್ ಹೆಂಡತಿ ಮುಖ ನೋಡಿಯಾದ್ರೂ ಕೆಲಸದಿಂದ ಮಾತ್ರ ತೆಗೀಬೇಡಿ."