ಟ್ಯಾಂಕಿನ ಬೀಗ

“ಈ ಲಾರಿ ಓಡುವಷ್ಟು ಕಾಲ ಇದರ ಸ್ಟೇರಿಂಗ್ ನಾನು ಬಿಡುವುದಿಲ್ಲ ದಣಿಗಳೇ” ಎಂದು ಮೊಯ್ದೀನ್ ಮಾತು ಕೊಟ್ಟದ್ದು ಮೂಡುಬಿದಿರೆಯ ಅಕ್ಕಿ ಮಿಲ್ಲಿನ ಯಜಮಾನ ಮುನಿರಾಜರಿಗೆ. ಆಗ ಮುನಿರಾಜರು ಹಾಸಿಗೆ ಹಿಡಿದಿದ್ದರು. ಅವರು ತೀರಿಹೋದ ಮೇಲೆ ಮೊಯ್ದೀನರ ಅಳಿಯ ದುಬೈಯಿಂದ ವೀಸಾ ಕಳಿಸಿದ, ಆದರೂ ಮೊಯ್ದೀನ್ ಹೋಗಲಿಲ್ಲ.

ಈಗ ಅದೇ ಲಾರಿ ಕುಚ್ಚಲಕ್ಕಿಯ ಲೋಡು ಹೊತ್ತು ವಾಮದಪದವಿನ ಧರ್ಣಪ್ಪನ ಗ್ಯಾರೇಜಿನಲ್ಲಿ ನಿಂತಿತ್ತು. ಆಕ್ಸಿಲರೇಟರಿಗೆ ಕಾಲು ಮುಟ್ಟಿಸದಿದ್ದರೂ ಇಂಜಿನ್ ಒಮ್ಮೆ ಗುಂಯ್ಯೆಂದು ಏರುವುದು, ಮರುಕ್ಷಣ ಸತ್ತೇಹೋಯಿತು ಎನ್ನುವಷ್ಟು ಇಳಿಯುವುದು, ಪುನಃ ಏರುವುದು. ಮೊನ್ನೆಯಿಂದ ಇದೇ ಪಾಡು. ಮುನಿರಾಜರ ಮಗ ಆದೀಶ್ ಬೈಕಿನಲ್ಲಿ ಹಿಂದೆಯೇ ಬಂದಿದ್ದ.

ಧರ್ಣಪ್ಪ ಫಿಲ್ಟರ್ ಬದಲಿಸಿದ, ಪೈಪಿನ ಗಾಳಿ ತೆಗೆದ, ಪುನಃ ಸ್ಟಾರ್ಟ್ ಮಾಡಿದ. ಇಂಜಿನ್ನಿನದು ಅದೇ ಏರಿಳಿತ. ತಲೆ ಕೆರೆದುಕೊಂಡ. “ಡೀಸೆಲ್ ಸರಿಯಾಗಿ ಬರುವುದಿಲ್ಲ ಮಾರಾಯ್ರೆ. ಪಂಪು ಬಿಚ್ಚಬೇಕಾ ಏನೋ.”

“ಪಂಪು ಯಾಕೆ? ಡೀಸೆಲೇ ಸರಿ ಇಲ್ಲ,” ಎಂದ ಆದೀಶ್. “ನಾನು ಬೀಗ ಹಾಕುವ ಮೊದಲೇ ಅರ್ಧ ಮಾರಿ ಸೀಮೆಎಣ್ಣೆ ಸುರಿದಿದ್ದಾರೆ. ಯಾರು ಅಂತ ಬೇರೆ ಹೇಳಬೇಕಾ?”

ಮೊನ್ನೆಯಷ್ಟೇ ಅವನು ಡೀಸೆಲ್ ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿದ್ದ. ಸಂದಿಯಲ್ಲಿ ಯಾರೂ ಪೈಪು ಇಳಿಸಬಾರದೆಂದು ಒಳಗೆ ದಪ್ಪ ರಬ್ಬರು ಬೇರೆ ಕೂರಿಸಿದ್ದ. ಕೀಲಿ ಅವನ ಕಿಸೆಯಲ್ಲಿ. ಇಡೀ ಮಿಲ್ಲು ಅದನ್ನು ನೋಡಿತ್ತು.

“ಆದೀಶ, ಇದೇ ಲಾರಿಯಲ್ಲಿ ನಿನ್ನನ್ನು ಶಾಲೆಗೆ ಬಿಟ್ಟವ ನಾನು,” ಎಂದರು ಮೊಯ್ದೀನ್.

“ಅದಕ್ಕೂ ಇದಕ್ಕೂ ಏನು ಸಂಬಂಧ ಮೊಯ್ದೀನಾಕ? ಮೈಲೇಜ್ ಎಲ್ಲಿಗೆ ಹೋಯಿತು, ಅದನ್ನು ಹೇಳಿ.”

“ಮುದಿ ಇಂಜಿನ್ ಜಾಸ್ತಿ ಕುಡಿಯದೆ ಇರ್ತದಾ?”

“ಇಂಜಿನ್ ಒಂದೇ ಕುಡಿಯುವುದಾ?”

ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಅವರು ನೋಡುವುದೇ ಬೇಕಿತ್ತು ಆದೀಶನಿಗೆ. “ಒಂದು ಬಾಟ್ಲಿ ಕೊಡಿ ಧರ್ಣಪ್ಪಣ್ಣ. ಎಲ್ಲರ ಎದುರೇ ಡೀಸೆಲ್ ತೆಗೆದು ತೋರಿಸ್ತೇನೆ.” ಕೀಲಿ ತಿರುಗಿಸಿ ಮುಚ್ಚಳ ಎತ್ತಿದ.

ಟ್ಯಾಂಕು ಪುಸ್ಸೆಂದು ಗಾಳಿ ಎಳೆದುಕೊಂಡಿತು. ಇಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ಓಡತೊಡಗಿತು.

ಧರ್ಣಪ್ಪ ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡು ಪುನಃ ಬಿಗಿದ. ಸ್ವಲ್ಪ ಹೊತ್ತಿಗೆ ಅದೇ ಏರಿಳಿತ. ತೆಗೆದ, ಸರಿಯಾಯಿತು. “ಛೆ! ಡೀಸೆಲ್ ಇಳಿದ ಹಾಗೆ ಒಳಗೆ ಗಾಳಿ ಬರಬೇಕಲ್ಲ? ನಿಮ್ಮ ರಬ್ಬರು ಲಾರಿಯ ಉಸಿರು ಕಟ್ಟಿದೆ ಆದೀಶಣ್ಣ. ನಾನೂ ಸುಮ್ಮನೆ ಪಂಪು ಬಿಚ್ಚುತ್ತಿದ್ದೆ!”

ಆದೀಶ್ ಬೆರಳಿಗೆ ತಾಗಿದ್ದನ್ನು ಮೂಸಿದ. ಬರೇ ಡೀಸೆಲ್. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮೊಯ್ದೀನರ ಕಡೆ ನೋಡಲಿಲ್ಲ.

“ಹಳೆ ಮುಚ್ಚಳ ಸೀಟಿನಡಿ ಉಂಟು. ಅದನ್ನೇ ಹಾಕುವ,” ಎಂದರು ಮೊಯ್ದೀನ್. ಅವರು ಕೇಳಿದ್ದು ಅಷ್ಟೇ. ತಪ್ಪಾಯಿತು ಅನ್ನು ಎಂದು ಕೂಡ ಕೇಳಲಿಲ್ಲ.

“ಬೇಡ,” ಆದೀಶ್ ಧರ್ಣಪ್ಪನಿಗೆ ಹೇಳಿದ. “ಇದಕ್ಕೇ ಒಂದು ತೂತು ಕೊರೆಯಿರಿ. ಗಾಳಿ ಹೋದರೆ ಸಾಕು, ಪೈಪು ಹೋಗಬಾರದು. ಬೀಗ ಇರಲಿ.”

ಧರ್ಣಪ್ಪ ಡ್ರಿಲ್ಲು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಕೊರೆದ.

ಮೊಯ್ದೀನ್ ಕ್ಯಾಬಿನ್ ಹತ್ತಿ ಇಂಜಿನ್ ನಿಲ್ಲಿಸಿದರು. ಬುತ್ತಿ ಚೀಲ ತೆಗೆದುಕೊಂಡು, ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಲಾರಿಯ ಕೀಲಿಯನ್ನು ಆದೀಶನ ಅಂಗೈಯಲ್ಲಿಟ್ಟರು.

“ಲೋಡು ಉಂಟಲ್ಲ ಮೊಯ್ದೀನಾಕ! ಕನ್ಯಾನಕ್ಕೆ ಯಾರು ಕೊಂಡುಹೋಗುವುದು?”

“ಈ ಕೀಲಿಯೂ ನಿನ್ನ ಹತ್ತಿರವೇ ಇರಲಿ.”

ಬಂಟ್ವಾಳದ ಬಸ್ಸು ಬಂತು, ಅವರು ಹತ್ತಿದರು. ಲಾರಿ ಇನ್ನೂ ಚೆನ್ನಾಗಿ ಓಡುವ ಹಾಗೆಯೇ ಇತ್ತು. ಮುನಿರಾಜರಿಗೆ ಕೊಟ್ಟ ಮಾತನ್ನು ಮೊಯ್ದೀನ್ ಅಂದು ಮುರಿದರು.