ನನ್ನ ಪಾಲಿನ ಎಡಗಾಲು

ಅವಳ ಎಡಗಾಲು ನನ್ನ ಪಾಲಿಗೆ ಬಂದಿತ್ತು. ಪಾದಕ್ಕೆಲ್ಲ ಸುಣ್ಣದ ಪುಡಿ ಮೆತ್ತಿತ್ತು. ಈಗಲೂ ಸುಣ್ಣದ ವಾಸನೆ ಬಂದರೆ ಮಾಗಡಿ ಹತ್ತಿರದ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮೂರನೇ ಕ್ಲಾಸಿನಲ್ಲಿದ್ದೆವು. ನನ್ನ ದೊಡ್ಡಪ್ಪನ ಮಗಳು ಶೋಭಾ ಸ್ಕೂಲೆಂದರೆ ನಡುಗುತ್ತಿದ್ದಳು. ಬಾರದ ಮಕ್ಕಳನ್ನು ಕೈಕಾಲು ಹಿಡಿದು ಹೊತ್ತು ತರಲು ಮೇಷ್ಟ್ರು ನಾಲ್ವರನ್ನು ಕಳಿಸುತ್ತಿದ್ದರು. ಅಂದು ಹಾಜರಾತಿ ನೋಡಲು ಸಾಹೇಬರು ಬರುವವರಿದ್ದರು. ಒಂದು ದಿನವೂ ತಪ್ಪಿಸದ ನನ್ನನ್ನೇ ಮುಂದೆ ಮಾಡಿದರು.

ಅವಳು ರೇಷ್ಮೆಹುಳು ಸಾಕುವ ಕೋಣೆಯಲ್ಲಿ, ಹುಳುಗಳ ಬಿದಿರು ತಟ್ಟೆಗಳ ಹಿಂದೆ ಅವಿತಿದ್ದಳು. ಹುಳುಗಳು ಪೊರೆ ಬಿಡುವ ದಿನವದು; ರೋಗ ತಗುಲದಂತೆ ಉದುರಿಸಿದ ಸುಣ್ಣದ ಪುಡಿ ನೆಲಕ್ಕೆಲ್ಲ ಚೆಲ್ಲಿತ್ತು. ಅಜ್ಜಿ ಬಾಗಿಲಲ್ಲೇ ಪಿಸುಗುಟ್ಟಿದರು: "ಸದ್ದು ಮಾಡ್ಬ್ಯಾಡಿ ಕಣ್ರೇ, ಹುಳ ಮಲ್ಗವೆ. ಒಸಿ ಅಲ್ಲಾಡಿಸಿದ್ರೂ ಉಳಿಯಕಿಲ್ಲ."

"ಶೋಭನ್ನ ಕರ್ಕೊಂಡೋಗ್ಬೇಕು ಕಣಜ್ಜಿ. ಮೇಷ್ಟ್ರು ಹೇಳವ್ರೆ," ಎಂದೆ.

"ಎತ್ಕೊಂಡೋಗಿ ಅತ್ಲಾಗೆ. ದಿನಾ ಹೊಟ್ಟೆನೋವು ಅಂತಾಳೆ, ಕಳ್ಳಿ."

ಎತ್ತಿಕೊಂಡೆವು. ಶೋಭಾ ಒದೆಯಲಿಲ್ಲ, ಕೂಗಲಿಲ್ಲ. ಹುಳುಗಳಿಗೆ ತೊಂದರೆಯಾಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ಅಂಗಳ ದಾಟಿದ ಮೇಲೆಯೇ ಅವಳು ಕಿರುಚಿದ್ದು.

ಮರುದಿನ ಬೆಳಿಗ್ಗೆಯೂ ಅವಳ ಜಾಗ ಖಾಲಿಯಿತ್ತು. ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತುವ ಮೊದಲೇ, ಅವಳನ್ನು ಹೊತ್ತು ತರಲು ನಾನು ಎದ್ದು ನಿಂತೆ.