ಬಾಗಿಲ ಮೇಲಿನ ಹೆಸರು

"ತೆತ್ಸುಯಾ, ಯಾರನ್ನ ಕರ್ಕೊಂಡು ಬಂದಿದೀನಿ ನೋಡು!"

ಹೊಳೆದಂಡೆಯ ಮೈದಾನದಲ್ಲಿ ಪ್ರದರ್ಶನಕ್ಕೆ ಸಾಲಾಗಿ ನಿಂತಿದ್ದ ಹಳೆಯ ಕಾರುಗಳ ನಡುವೆ, ಹಳೇ ಕಾರು ಸಂಘದ ಹಿರಿಯ ಮಿಯಾಶಿತಾ ಒಬ್ಬ ಮುದುಕರ ಕೈ ಹಿಡಿದು ನಡೆಸಿಕೊಂಡು ಬಂದರು. "ಇವರು ಕೊಮಿಯಾಮಾ ಅಂತ. ನಿನ್ನ ಗಾಡಿ ಬಾಗಿಲ ಮೇಲೆ ಹೆಸರಿದೆಯಲ್ಲ, ಆ ಮಿಸೊ ಅಂಗಡಿಯವರ ಮಗ. ಊರೆಲ್ಲ ವಿಚಾರಿಸಿ ಪತ್ತೆ ಮಾಡಿದೆ ಕಣಯ್ಯ!"

ಬಂಪರ್ ಒರೆಸುತ್ತಿದ್ದ ತೆತ್ಸುಯಾನ ಕೈ ಅಲ್ಲೇ ನಿಂತಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಆ ಡಾಟ್ಸನ್ ಸ್ಟೇಷನ್ ವ್ಯಾಗನ್ ಅವನಿಗೆ ಸಿಕ್ಕಿದ್ದು ಪಕ್ಕದ ಜಿಲ್ಲೆಯ ಗುಜರಿಯಲ್ಲಿ. ತುಕ್ಕು ತಿಂದ ತಳಕ್ಕೆ ಹೊಸ ತಗಡು ವೆಲ್ಡ್ ಮಾಡಿದ್ದು, ಎಂಜಿನ್ ಬಿಚ್ಚಿ ಜೋಡಿಸಿದ್ದು, ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನೆಲಕ್ಕೆ ತಗ್ಗಿಸಿದ್ದು ಎಲ್ಲ ಅವನದೇ ಕೆಲಸ. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಆದರೆ ಹಳೆಯ ವ್ಯಾಗನ್ ಎಂದ ಮೇಲೆ ಬಾಗಿಲ ಮೇಲೆ ಮಾಸಿದ ಅಂಗಡಿ ಹೆಸರೊಂದು ಇರಬೇಕು ಎನ್ನುವುದು ಈ ಮಂದಿಯ ಶೋಕಿ. ಇಲ್ಲದವರು ಬರೆಸಿಕೊಳ್ಳುತ್ತಾರೆ, ಬರೆಸಿದ್ದು ಎಂದು ಹೇಳಿಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಳೇ ಪೇಟೆಯಲ್ಲಿ, ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಮಾರುತ್ತಿದ್ದು ಈಗ ಬಾಗಿಲು ಮುಚ್ಚಿದ್ದ ಅಂಗಡಿಯೊಂದರ ಮರದ ಬೋರ್ಡಿನ ಫೋಟೊವನ್ನು ತೆತ್ಸುಯಾ ಫೋನಿನಲ್ಲಿ ಹಿಡಿದು ತಂದ. ಅಕ್ಷರಗಳನ್ನು ಇದ್ದ ಹಾಗೇ ಗಾಡಿಯ ಬಾಗಿಲಿಗಿಳಿಸಿ, ಎಮರಿ ಪೇಪರಿನಿಂದ ತಿಕ್ಕಿ ತಿಕ್ಕಿ ಮಾಸುವಂತೆ ಮಾಡಿದ. "ನಿಜವಾದ ಹಳೇ ಬರಹವೇನಯ್ಯಾ?" ಎಂದು ಮಿಯಾಶಿತಾ ಕಣ್ಣರಳಿಸಿ ಕೇಳಿದಾಗ ನಾಲಿಗೆ ಜಾರಿತು. ಹ್ಞೂ, ಆ ಅಂಗಡಿಯ ಹಿತ್ತಿಲ ಶೆಡ್ಡಿನಲ್ಲೇ ಸಿಕ್ಕಿದ ಗಾಡಿ ಎಂದುಬಿಟ್ಟ. ಅವನ ಎಂಜಿನ್ನಿನ ಕಡೆ ತಿರುಗಿಯೂ ನೋಡದವರು ಅಂದಿನಿಂದ ಆ ಬಾಗಿಲಿಗೆ ಕೈಮುಗಿಯುವುದೊಂದು ಬಾಕಿ.

ಈಗ ಅದೇ ಮಂದಿ ಸುತ್ತ ನೆರೆದರು. ಮೂಲೆಯಲ್ಲಿ ಕೂತು ಅನ್ನದುಂಡೆ ತಿನ್ನುತ್ತಿದ್ದವರೂ ಎದ್ದು ಬಂದರು.

"ಹೇಳಿ ಯಜಮಾನ್ರೇ, ನಿಮ್ಮಪ್ಪನ ಗಾಡಿ ಇದೇ ತಾನೆ?" ಎಂದರು ಮಿಯಾಶಿತಾ.

"ಅಲ್ಲ ಅಂದ್ಬಿಟ್ಟೀರಾ ಮತ್ತೆ! ತೆತ್ಸುಯಾ ಇಲ್ಲೇ ಪ್ರಾಣ ಬಿಟ್ಟಾನು" ಎಂದು ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು. ತೆತ್ಸುಯಾ ಕೂಡ ನಗಲು ನೋಡಿದ, ತುಟಿ ಅಂಟಿಕೊಂಡಿತ್ತು. ಆ ಮುದುಕರು ಒಂದು ಮಾತು ಆಡಿದರೆ ಸಾಕು, ಅವನ ಮಾನ ಮೂರಾಬಟ್ಟೆ.

ಕೊಮಿಯಾಮಾ ಕನ್ನಡಕ ಹಾಕಿಕೊಂಡು ಬಾಗಿಲ ಹತ್ತಿರ ಬಗ್ಗಿದರು. ಕೊನೆಯ ಅಕ್ಷರದ ಮೇಲೆ ಬೆರಳಾಡಿಸಿ, "ಅಪ್ಪ ಈ ಗೆರೇನ ಹೀಗೇ ಉದ್ದಕ್ಕೆ ಎಳೀತಿದ್ದ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತಲೆಯೆತ್ತಿ ಒಂದು ಗಳಿಗೆ ತೆತ್ಸುಯಾನ ಮುಖ ನೋಡಿದರು.

"ಹೌದು. ನಮ್ಮಪ್ಪಂದೇ."

ಚಪ್ಪಾಳೆ ಬಿತ್ತು. ಮಿಯಾಶಿತಾರ ಕಣ್ಣಲ್ಲಿ ನೀರೇ ಬಂದಿತ್ತು. "ಈ ಸಲದ ಬಹುಮಾನ ಇದಕ್ಕಲ್ದೆ ಇನ್ಯಾವುದಕ್ಕಯ್ಯಾ! ಇರಿ ಯಜಮಾನ್ರೇ, ಮೈಕ್ ತರ್ತೀನಿ. ಗಾಡಿ ಬಗ್ಗೆ ನೀವೇ ನಾಲ್ಕು ಮಾತಾಡ್ಬೇಕು" ಎಂದು ವೇದಿಕೆಯ ಕಡೆ ಓಡಿದರು. ಜನರೂ ಅವರ ಹಿಂದೆಯೇ ಹೋದರು.

ಇಬ್ಬರೇ ಉಳಿದಾಗ ತೆತ್ಸುಯಾ ಸೊಂಟ ಮುರಿಯುವಷ್ಟು ಬಾಗಿದ. "ಇದು ನಿಮ್ಮನೆ ಗಾಡಿ ಅಲ್ಲ. ಹೆಸರು ಬರೆದದ್ದು ನಾನು. ತಪ್ಪಾಯ್ತು ಯಜಮಾನ್ರೇ."

"ಗೊತ್ತು ಕಣಪ್ಪ. ನಮ್ಮನೇಲಿ ಕಾರೆಲ್ಲಿತ್ತು? ಅಪ್ಪ ಕೊನೇ ತನಕ ಪೀಪಾಯಿ ಹೇರ್ಕೊಂಡು ಕೈಗಾಡಿ ಎಳೆದ. ಏರು ಬಂದ್ರೆ ಹಿಂದಿನಿಂದ ನಾನು ತಳ್ತಿದ್ದೆ."

"ಮತ್ತೆ ಯಾಕೆ ಹೌದು ಅಂದ್ರಿ?"

"ನಿನ್ನ ಮುಖ ಸುಣ್ಣ ಬಳಿದ ಹಾಗಿತ್ತು. ಅಷ್ಟು ಜನದ ಮುಂದೆ ಹೇಗೆ ಇಲ್ಲ ಅನ್ಲಿ?" ಕೊಮಿಯಾಮಾ ಮತ್ತೆ ಬಾಗಿಲ ಕಡೆ ತಿರುಗಿದರು. "ಅದೂ ಅಲ್ದೆ, ನಮ್ಮಪ್ಪನ ಹೆಸರನ್ನ ಇಷ್ಟು ಜನ ನಿಂತು ಓದಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ."

ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು. ಸತ್ತವರ ಕೈಬರಹ ಕದ್ದದ್ದು ಸಾಲದೆಂದು ಬದುಕಿರುವವರ ಬಾಯಲ್ಲೂ ಸುಳ್ಳು ತುರುಕಿದೆನಲ್ಲ ಎಂದು ತೆತ್ಸುಯಾ ನಾಚಿಕೆಯಿಂದ ಕುಗ್ಗಿಹೋದ. "ಈಗ್ಲೇ ಹೋಗಿ ಎಲ್ಲರ ಮುಂದೆ ಹೇಳ್ಬಿಡ್ತೀನಿ" ಎಂದ. ಎಂದನೇ ಹೊರತು, ಕಾಲು ಕದಲಲಿಲ್ಲ.

ಅಷ್ಟರಲ್ಲಿ ವೇದಿಕೆಯ ಕಡೆಯಿಂದ ಮೈಕು ಕುಟ್ಟುವ ಸದ್ದು ಕೇಳಿಸಿತು. ಕೊಮಿಯಾಮಾ ಗಾಬರಿಯಾಗಿ ಗಾಡಿಯ ಬಾಗಿಲು ತೆರೆದು ಸೀಟಿನ ಅಂಚಿಗೆ ಕೂತರು. ಪರೀಕ್ಷೆಗೆ ಬಂದ ಮಗುವಿನಂತೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ದನಿ ತಗ್ಗಿಸಿ ಕೇಳಿದರು:

"ಬೇಗ ಹೇಳ್ಕೊಡಪ್ಪ. ಅಪ್ಪ ಇದನ್ನ ಯಾವಾಗ ಕೊಂಡ, ಎಲ್ಲಿ ನಿಲ್ಲಿಸ್ತಿದ್ದ, ಅವರಿಗೆಲ್ಲ ಏನೇನು ಹೇಳಿದೀಯ? ನಂಗೆ ಸುಳ್ಳು ಹೇಳಿ ರೂಢಿ ಇಲ್ಲ."